ಹಾರಲೊಲ್ಲದ ಹಸಿರು ದುಂಬಿ

ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್ ಎಂಬ ಹಳೆಯ ಊರಿದೆ. ಊರನ್ನು ಸೀಳಿಕೊಂಡು ಊಸ್ ನದಿ ಹರಿಯುತ್ತದೆ. ಆಗಸ್ಟ್ ತಿಂಗಳಲ್ಲಿ ನದಿಯ ದಂಡೆಗೆ ಇಳಿದರೆ ಹುಲ್ಲಿನ ನಡುವೆ ಸೊಂಟದೆತ್ತರದ ಗಿಡವೊಂದು ಹಿಂಡುಹಿಂಡಾಗಿ ಹೂಬಿಟ್ಟು ನಿಂತಿರುತ್ತದೆ. ಎಲೆ ಜರಿಗಿಡದ್ದರ ಹಾಗೆ ಸೀಳುಸೀಳು. ಹೂವು ಅಂಗಿಯ ಗುಂಡಿಯ ಹಾಗೆ ದುಂಡಗೆ, ಅಚ್ಚ ಹಳದಿ. ಗಿಡದ ಹೆಸರು ಟ್ಯಾನ್ಸಿ. ಬಗ್ಗಿ ನೋಡಿದರೆ ಎಲೆಯ ಅಂಚಿಗೆ ಹಸಿರು ಲೋಹದ ಹನಿಯೊಂದು ಅಂಟಿಕೊಂಡಂತೆ ಕಾಣುತ್ತದೆ. ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರ್. ತಲೆಯನ್ನು ಸ್ವಲ್ಪ ವಾಲಿಸಿದರೆ ಆ ಹಸಿರಿನೊಳಗಿಂದ ತಾಮ್ರದ ಕೆಂಪು ಹೊಳೆದು ಮಾಯವಾಗುತ್ತದೆ. ಬೆರಳು ಚಾಚಿದರೆ ಸಾಕು, ಕಾಲುಗಳನ್ನು ಮಡಚಿಕೊಂಡು ಟಪ್ಪನೆ ಹುಲ್ಲಿನ ಬುಡಕ್ಕೆ ಉದುರಿಬಿಡುತ್ತದೆ. ಹಾರಿಹೋಗುವುದಿಲ್ಲ. ಬೆನ್ನಿನ ಚಿಪ್ಪಿನಡಿಯಲ್ಲಿ ರೆಕ್ಕೆ ಇದ್ದೂ ಹಾರುವುದಿಲ್ಲ.

ಇದು ಟ್ಯಾನ್ಸಿ ದುಂಬಿ. ವಿಜ್ಞಾನಿಗಳು ಕ್ರೈಸೋಲಿನಾ ಗ್ರಾಮಿನಿಸ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಇದು ಅಳಿವಿನ ಅಂಚಿನಲ್ಲಿರುವ ಕೀಟ. ಊಸ್ ನದಿಯ ಸುಮಾರು 45 ಕಿಲೋಮೀಟರ್ ದಂಡೆಯನ್ನು ಬಿಟ್ಟರೆ ಆ ದೇಶದಲ್ಲಿ ಇದು ಸಿಗುವ ಜಾಗಗಳು ಬೆರಳೆಣಿಕೆಯಷ್ಟು ಮಾತ್ರ. ಆದರೆ ಸರಿಯಾದ ಜಾಗದಲ್ಲಿ, ಸರಿಯಾದ ತಿಂಗಳಲ್ಲಿ ಹೋದರೆ ಒಂದೇ ಗಿಡದ ಮೇಲೆ ಹತ್ತಾರು ದುಂಬಿಗಳನ್ನು ಎಣಿಸಬಹುದು. ಅಲ್ಲಿಂದ ಒಂದಿಷ್ಟು ದೂರ ನಡೆಯಿರಿ. ಅದೇ ಮಣ್ಣು, ಅದೇ ಬಿಸಿಲು, ಅದೇ ಟ್ಯಾನ್ಸಿ ಗಿಡ ಹುಲುಸಾಗಿ ಬೆಳೆದಿರುತ್ತದೆ. ದುಂಬಿ ಮಾತ್ರ ಒಂದೂ ಇರುವುದಿಲ್ಲ. ಇಷ್ಟೊಂದು ಸಂಖ್ಯೆಯಲ್ಲಿ ಇರಬಲ್ಲ ಜೀವ ಇಷ್ಟು ಅಪರೂಪ ಹೇಗಾಯಿತು? ಅಪರೂಪ ಎಂದರೆ ಸಂಖ್ಯೆ ಕಡಿಮೆ ಎಂದೇ ನಾವು ತಿಳಿದಿರುತ್ತೇವೆ. ಈ ದುಂಬಿಯ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇದೆ. ಅದು ಒಂದು ಗಿಡಕ್ಕೂ ಇನ್ನೊಂದು ಗಿಡಕ್ಕೂ ನಡುವಿನ ದೂರದ ಲೆಕ್ಕ.

ಮೊದಲು ಇದರ ಕುಟುಂಬದ ಪರಿಚಯ ಆಗಲಿ. ಎಲೆ ದುಂಬಿಗಳದ್ದು ದೊಡ್ಡ ಬಳಗ. ಈವರೆಗೆ ಹೆಸರಿಟ್ಟ ಪ್ರಭೇದಗಳೇ 35,000ಕ್ಕೂ ಹೆಚ್ಚು. ಮರಿಯಾಗಿದ್ದಾಗಲೂ ಬಲಿತ ಮೇಲೂ ಗಿಡ ತಿಂದೇ ಬದುಕುವುದು ಇವುಗಳ ರೀತಿ. ಹಿತ್ತಲಲ್ಲಿ ಕುಂಬಳ, ಸೌತೆ, ಹೀರೆ ಹಾಕಿದವರಿಗೆ ಎಳೆ ಬಳ್ಳಿಯ ಎಲೆಯನ್ನು ಜರಡಿ ಮಾಡುವ ಕಿತ್ತಳೆಗೆಂಪು ದುಂಬಿ ಗೊತ್ತೇ ಇರುತ್ತದೆ. ಅದೂ ಇದೇ ಬಳಗದ್ದು. ಇನ್ನೂ ಹತ್ತಿರದ ನಂಟು ಬೇಕೆಂದರೆ ಮಳೆಗಾಲ ಹಿಡಿದ ಮೇಲೆ ಬೆಂಗಳೂರಿನ ಯಾವುದಾದರೂ ಖಾಲಿ ಸೈಟಿನ ಮುಂದೆ ನಿಲ್ಲಿ. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಕಳೆಯ ಮೇಲೆ ಕೆನೆ ಬಣ್ಣದ ಬೆನ್ನಿಗೆ ಕಂದು ಗೆರೆ ಎಳೆದುಕೊಂಡ ಪುಟ್ಟ ದುಂಬಿಗಳು ಸಿಗುತ್ತವೆ. ಪಾರ್ಥೇನಿಯಂ ಹಾವಳಿಯನ್ನು ತಡೆಯಲೆಂದು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು. ಟ್ಯಾನ್ಸಿ ದುಂಬಿಯೂ ಇದೂ ಎಲೆ ದುಂಬಿಗಳ ಒಂದೇ ಉಪಕುಟುಂಬಕ್ಕೆ ಸೇರಿದವು. ಟ್ಯಾನ್ಸಿ ಮತ್ತು ಪಾರ್ಥೇನಿಯಂ ಗಿಡಗಳೂ ಸೇವಂತಿಗೆ, ಸೂರ್ಯಕಾಂತಿಗಳ ಒಂದೇ ಕುಟುಂಬದವು. ಹಾಗಾಗಿ ನಮ್ಮ ಸೈಟಿನ ದುಂಬಿ ಎಲೆ ಕತ್ತರಿಸುವುದನ್ನು ಹತ್ತು ನಿಮಿಷ ನೋಡಿದರೆ ಯಾರ್ಕಿನ ದುಂಬಿಯ ಊಟದ ವರಸೆ ಅರ್ಧ ತಿಳಿದಂತೆಯೇ.

ಟ್ಯಾನ್ಸಿ ದುಂಬಿಗೆ ಈ ವೈಜ್ಞಾನಿಕ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, 1758ರಲ್ಲಿ. ಗ್ರಾಮಿನಿಸ್ ಎಂದರೆ ಲ್ಯಾಟಿನ್ನಿನಲ್ಲಿ 'ಹುಲ್ಲಿನ' ಎಂದರ್ಥ. ಹುಲ್ಲಿಗೂ ಈ ದುಂಬಿಯ ಹೊಟ್ಟೆಗೂ ಯಾವ ಸಂಬಂಧವೂ ಇಲ್ಲ. ಹೆಸರಿನ ಮೊದಲ ಭಾಗ ಮಾತ್ರ ಒಪ್ಪುತ್ತದೆ. ಅದು ಚಿನ್ನ ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಶಬ್ದ.

ಆ ಹೊಳಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲೆ ಹಸಿರಾಗಿರುವುದು ಅದರೊಳಗಿನ ಬಣ್ಣದ ವಸ್ತುವಿನಿಂದ. ದುಂಬಿಯ ಹಸಿರು ಅಂಥದ್ದಲ್ಲ. ಅದರ ಬೆನ್ನಿನ ಚಿಪ್ಪು, ಅಂದರೆ ಗಟ್ಟಿಯಾದ ಮೇಲ್ರೆಕ್ಕೆ, ತೆಳುವಾದ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ಒಂದೊಂದು ಪದರದ ದಪ್ಪ ಸುಮಾರಾಗಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಬಿಸಿಲು ಬಿದ್ದಾಗ ಪ್ರತಿ ಪದರದಿಂದಲೂ ಒಂದಿಷ್ಟು ಬೆಳಕು ಹಿಂದಿರುಗುತ್ತದೆ. ಹಿಂದಿರುಗುವ ಅಲೆಗಳಲ್ಲಿ ಹಸಿರಿನವು ಒಂದಕ್ಕೊಂದು ಹೆಜ್ಜೆ ಕೂಡಿಸಿ ಬಲವಾಗುತ್ತವೆ. ಉಳಿದ ಬಣ್ಣದವು ಹೆಜ್ಜೆ ತಪ್ಪಿ ಒಂದನ್ನೊಂದು ಅಳಿಸಿಹಾಕುತ್ತವೆ. ನೋಡುವ ಕೋನ ಬದಲಾದರೆ ಬೆಳಕು ಪದರಗಳ ನಡುವೆ ಸಾಗುವ ಹಾದಿಯೂ ಬದಲಾಗುತ್ತದೆ, ಜೊತೆಗೆ ಬಣ್ಣವೂ. ಸೋಪಿನ ಗುಳ್ಳೆಯ ಮೇಲೆ, ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನ ಮೇಲೆ ಕಾಣುವ ಬಣ್ಣದಾಟವೂ ಇದೇ. ಬಣ್ಣದ ವಸ್ತು ಕಾಲ ಕಳೆದಂತೆ ಮಾಸುತ್ತದೆ. ಪದರದ ಕಟ್ಟಡ ಉಳಿದಿರುವ ತನಕ ಈ ಬಣ್ಣ ಮಾಸುವುದಿಲ್ಲ. ಜರ್ಮನಿಯ ಮೆಸೆಲ್ ಗಣಿಯಲ್ಲಿ ಸಿಕ್ಕಿದ ಸುಮಾರು 4.7 ಕೋಟಿ ವರ್ಷ ಹಳೆಯ ದುಂಬಿಗಳ ಪಳೆಯುಳಿಕೆಗಳಲ್ಲಿ ಇಂದಿಗೂ ಲೋಹದ ಹೊಳಪಿದೆ.

ಬಯಲುಸೀಮೆಯಲ್ಲಿ ಬೆಳೆದವರಿಗೆ ಈ ಹೊಳಪು ಹೊಸದಲ್ಲ. ಬೆಂಕಿಪೊಟ್ಟಣದಲ್ಲಿ ಜಾಲಿಯ ಎಲೆ ಹಾಕಿ ಜೀರ್ಜಿಂಬೆ ಸಾಕಿದ ಮಕ್ಕಳಿಗೆ ಅದು ಅಂಗೈಯಲ್ಲೇ ಸಿಕ್ಕಿತ್ತು. ಜೀರ್ಜಿಂಬೆಯ ಕುಟುಂಬ ಬೇರೆ, ಬಣ್ಣದ ಗುಟ್ಟು ಒಂದೇ. ಜೀರ್ಜಿಂಬೆ ಜಾತಿಯ ದುಂಬಿಗಳ ರೆಕ್ಕೆಯನ್ನು ಬಟ್ಟೆಗೆ ಹೊಲಿಯುವ ಕಸೂತಿ ಭಾರತದಲ್ಲಿ ಹಳೆಯದು. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್ನನ ಹೆಂಡತಿ ಉಟ್ಟ ನವಿಲುಗರಿ ಉಡುಪಿನ ಪ್ರತಿಯೊಂದು ಕಣ್ಣಿನಲ್ಲೂ ಇಂಥ ರೆಕ್ಕೆ ಕೂಡಿಸಿದ್ದರು. ಅದೇ ಕಾಲದ ಇಂಗ್ಲೆಂಡಿನಲ್ಲಿ ಟ್ಯಾನ್ಸಿ ದುಂಬಿಯ ಚಿಪ್ಪನ್ನೂ ಚಮಕಿಯ ಹಾಗೆ ಬಟ್ಟೆಗೆ ಹೊಲಿಯುತ್ತಿದ್ದರು ಎಂಬ ಮಾತು ಯಾರ್ಕಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಈಗ ಗಿಡಕ್ಕೆ ಬರೋಣ. ದುಂಬಿಯ ಊಟ, ಮನೆ, ಹೆರಿಗೆ ಕೋಣೆ ಎಲ್ಲವೂ ಟ್ಯಾನ್ಸಿಯೇ. ಎಲೆಯನ್ನು ಬೆರಳಲ್ಲಿ ಹೊಸಕಿದರೆ ಕರ್ಪೂರ ಬೆರೆತ ಘಾಟು ಮೂಗಿಗೆ ಹೊಡೆಯುತ್ತದೆ. ನೊಣ ಓಡಿಸಲು ಯುರೋಪಿನ ಮನೆಗಳಲ್ಲಿ ಇದರ ಕಟ್ಟನ್ನು ತೂಗುಹಾಕುತ್ತಿದ್ದರು, ಶವದ ಬಟ್ಟೆಯೊಳಗೆ ಇಡುತ್ತಿದ್ದರು. ಆ ಘಾಟಿಗೆ ಕಾರಣವಾದ ಥೂಜೋನ್, ಕರ್ಪೂರದಂಥ ವಸ್ತುಗಳು ಹೆಚ್ಚು ತಿಂದವರಿಗೆ ವಿಷ. ಗಿಡ ಇವನ್ನು ತಯಾರಿಸುವುದೇ ತನ್ನನ್ನು ತಿನ್ನಬಂದವರನ್ನು ಓಡಿಸಲಿಕ್ಕೆ. ಕೀಟಗಳಲ್ಲಿ ಬಹುಪಾಲು ಓಡಿಯೂ ಹೋಗುತ್ತವೆ. ಆದರೆ ಒಂದು ವಿಷವನ್ನು ಜೀರ್ಣಿಸಿಕೊಳ್ಳಲು ಕಲಿತ ಕೀಟಕ್ಕೆ ಆ ವಿಷವೇ ಕೋಟೆ. ಪೈಪೋಟಿ ಕಡಿಮೆ, ಊಟ ಧಾರಾಳ. ಜೊತೆಗೆ ಕ್ರೈಸೋಲಿನಾ ಬಳಗದ ಹಲವು ದುಂಬಿಗಳು ಬೆನ್ನಿನ ಚಿಪ್ಪಿನ ಗ್ರಂಥಿಗಳಿಂದ ಕಹಿಯಾದ, ವಿಷಕಾರಿ ದ್ರವವನ್ನು ಒಸರಿಸಬಲ್ಲವು. ಕಣ್ಣಿಗೆ ಹೊಡೆಯುವ ಹೊಳಪು ಹೊತ್ತುಕೊಂಡು ಹಾಡಹಗಲೇ ಎಲೆಯ ತುದಿಯಲ್ಲಿ ಕೂರುವ ಧೈರ್ಯಕ್ಕೆ ಇಂಥ ಒತ್ತಾಸೆ ಬೇಕೇ ಬೇಕು.

ಕೋಟೆಯೊಳಗೆ ಕೂತವರಿಗೆ ಒಂದು ತೊಂದರೆಯೂ ಉಂಟು. ಒಂದು ಗಿಡಕ್ಕೆ ಒಗ್ಗಿದ ಹೊಟ್ಟೆ ಉಳಿದ ಗಿಡಗಳಿಗೆ ಒಗ್ಗುವುದಿಲ್ಲ. ನೀರಿನಂಚಿನಲ್ಲಿ ಬೆಳೆಯುವ ಕಾಡು ಪುದೀನ, ಅದರ ನಂಟಿನ ಜಿಪ್ಸಿವರ್ಟ್ ಎಂಬ ಗಿಡವನ್ನೂ ಈ ದುಂಬಿ ತಿನ್ನಬಲ್ಲದು, ಆ ಮಾತು ಮುಂದೆ ಬರುತ್ತದೆ. ಯಾರ್ಕಿನ ದಂಡೆಯಲ್ಲಿ ಮಾತ್ರ ಟ್ಯಾನ್ಸಿ ಇಲ್ಲವೆಂದರೆ ದುಂಬಿಯೂ ಇಲ್ಲವೆಂದೇ ಲೆಕ್ಕ.

ಇದರ ವರ್ಷವನ್ನು ವಸಂತದಿಂದ ಎಣಿಸುವುದು ಸುಲಭ. ಏಪ್ರಿಲ್ ಹೊತ್ತಿಗೆ ಮಣ್ಣು ಬೆಚ್ಚಗಾಗುತ್ತಿದ್ದಂತೆ ಚಳಿಗಾಲವಿಡೀ ನೆಲದೊಳಗೆ ಮುದುಡಿ ಕೂತಿದ್ದ ದುಂಬಿಗಳು ಮೇಲೆ ಬರುತ್ತವೆ. ಟ್ಯಾನ್ಸಿಯೂ ಆಗಷ್ಟೇ ಬುಡದಿಂದ ಚಿಗುರುತ್ತಿರುತ್ತದೆ. ದುಂಬಿಗಳಿಗೆ ಆಗ ಎರಡೇ ಕೆಲಸ, ಮೇಯುವುದು ಮತ್ತು ಕೂಡುವುದು. ಗಂಡು ಹೆಣ್ಣಿನ ಬೆನ್ನೇರಿ ಬಹಳ ಹೊತ್ತು ಇಳಿಯದೆ ಕೂರುತ್ತದೆ. ಹೆಣ್ಣು ಅದನ್ನು ಹೊತ್ತುಕೊಂಡೇ ಎಲೆ ಮೇಯುತ್ತದೆ. ಮೇ, ಜೂನ್ ತಿಂಗಳಲ್ಲಿ ಮೊಟ್ಟೆ. ಮೊಟ್ಟೆ ಒಡೆದು ಬರುವ ಮರಿಹುಳುವಿಗೆ ತಾಯಿಯ ಹೊಳಪಿಲ್ಲ. ಮಾಸಲು ಬಿಳಿ, ಊದಿಕೊಂಡ ಮೈ, ಬಾಗಿದ ಬೆನ್ನು, ಮುಂಭಾಗದಲ್ಲಿ ಆರು ಮೋಟು ಕಾಲು. ಎಲೆ ತಿಂದು, ಪೊರೆ ಕಳಚಿ, ಮತ್ತೆ ತಿಂದು ಬಲಿತ ಮೇಲೆ ಕಾಂಡ ಹಿಡಿದು ಕೆಳಗಿಳಿಯುತ್ತದೆ. ಗಿಡದ ಬುಡದಲ್ಲೇ ಮಣ್ಣು ಹೊಕ್ಕು ಕೋಶವಾಗುತ್ತದೆ.

ಬೇಸಿಗೆಯ ನಡುವೆ ದಂಡೆಗೆ ಹೋದವರಿಗೆ ದುಂಬಿಗಳೆಲ್ಲ ಸತ್ತೇ ಹೋದವೇನೋ ಅನ್ನಿಸಬಹುದು. ಹಳೆಯ ತಲೆಮಾರು ಮುಗಿಯುತ್ತ ಬಂದಿರುತ್ತದೆ, ಹೊಸದು ಇನ್ನೂ ನೆಲದೊಳಗಿರುತ್ತದೆ. ಜುಲೈ ಕೊನೆಯಿಂದ ಹೊಸ ದುಂಬಿಗಳು ಏಳತೊಡಗುತ್ತವೆ. ಆಗಸ್ಟ್, ಸೆಪ್ಟೆಂಬರಿನ ದಂಡೆಯಲ್ಲಿ ಕಾಣುವ ಜಾತ್ರೆ ಇವುಗಳದ್ದೇ. ಇವು ಆ ವರ್ಷ ಮೊಟ್ಟೆಯಿಡುವುದಿಲ್ಲ. ಹೊಟ್ಟೆ ತುಂಬ ಮೇದು ಕೊಬ್ಬು ಕೂಡಿಟ್ಟುಕೊಂಡು, ಚಳಿ ಶುರುವಾಗುತ್ತಲೇ ಟ್ಯಾನ್ಸಿಯ ಬುಡದ ಮಣ್ಣಿಗೆ ಇಳಿಯುತ್ತವೆ. ಅಲ್ಲಿಗೆ ಒಂದು ಸುತ್ತು ಪೂರ್ತಿ. ಒಂದು ದುಂಬಿ ಹುಟ್ಟಿ, ಬೆಳೆದು, ಕೂಡಿ, ಸಾಯುವ ಅಷ್ಟೂ ಕಾಲ ಟ್ಯಾನ್ಸಿಯ ಒಂದೇ ಹಿಂಡಿನೊಳಗೆ ಕಳೆದುಹೋಗಬಹುದು ಎಂಬುದನ್ನು ಗಮನಿಸಿ. ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ರೆಕ್ಕೆ ಇದ್ದೂ ಏಕೆ ಹಾರುವುದಿಲ್ಲ? ಹಾರುವುದು ಕೀಟಕ್ಕೆ ಬಹಳ ದುಬಾರಿ ಬಾಬತ್ತು. ರೆಕ್ಕೆ ಬಡಿಯುವ ಸ್ನಾಯುಗಳನ್ನು ಬೆಳೆಸಬೇಕು, ಅವಕ್ಕೆ ಸದಾ ಇಂಧನ ಒದಗಿಸಬೇಕು. ಅದೇ ಇಂಧನ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಯೂ ಆಗಬಹುದಿತ್ತು. ಇಂದು ಇದ್ದು ನಾಳೆ ಒಣಗುವ ಹೊಂಡದಲ್ಲಿ ಬದುಕುವ ಕೀಟಕ್ಕೆ ಹಾರದೆ ಗತಿಯಿಲ್ಲ. ವರ್ಷ ವರ್ಷವೂ ಅದೇ ಬೇರಿನಿಂದ ಅದೇ ಜಾಗದಲ್ಲಿ ಚಿಗುರುವ ಗಿಡವನ್ನು ನಂಬಿದ ಕೀಟಕ್ಕೆ ಹಾರಾಟದಿಂದ ಲಾಭ ಕಡಿಮೆ. ಊಟ ಕಾಲಬುಡದಲ್ಲೇ ಇರುವಾಗ ಊರು ಬಿಟ್ಟು ಹೋದವನೇ ಹಸಿದು ಸಾಯುವ ಸಂಭವ ಹೆಚ್ಚು. ಜಗತ್ತಿನ ಅನೇಕ ದುಂಬಿಗಳು ಹೀಗೆ ಹಾರಾಟ ಬಿಟ್ಟಿವೆ. ಟ್ಯಾನ್ಸಿ ದುಂಬಿಯಲ್ಲಿ ರೆಕ್ಕೆ ಇನ್ನೂ ಉಳಿದಿದೆ, ಅಭ್ಯಾಸ ಉಳಿದಿಲ್ಲ.

ಹಾಗಾಗಿ ಅದು ನಡೆಯುತ್ತದೆ. ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಈ ನಡಿಗೆಯ ಜಾಡನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ದುಂಬಿಯ ಬೆನ್ನಿಗೆ ಗುರುತು ಹಾಕಿ ಬಿಡುವುದು, ಮತ್ತೆ ಬಂದು ಅದು ಎಲ್ಲಿದೆ ಎಂದು ಹುಡುಕುವುದು. ಕೇಳಲು ಸುಲಭ. ದಂಡೆಯ ಹುಲ್ಲಿನಲ್ಲಿ ಮಂಡಿಯೂರಿ ದಿನಗಟ್ಟಲೆ ಮಾಡುವವರಿಗೇ ಅದರ ಶ್ರಮ ಗೊತ್ತು. ಹೆಚ್ಚಿನ ದುಂಬಿಗಳು ಇದ್ದ ಹಿಂಡಿನೊಳಗೇ ಇರುತ್ತವೆ. ಹಿಂಡಿನ ಅಂಚಿಗೆ ಬಂದ ದುಂಬಿ ಮುಂದಿನ ಬಯಲಿಗೆ ಇಳಿಯುವ ಬದಲು ಒಳಕ್ಕೇ ತಿರುಗುವುದು ಹೆಚ್ಚು. ಗಿಡ ಬೋಳಾಗಿ ಮೇವು ತೀರಿದಾಗ ಕೆಲವು ಹೊರಡುತ್ತವೆ. ಹೊರಟವೂ ಕೆಲವು ನೂರು ಮೀಟರ್ ದಾಟುವುದು ಅಪರೂಪ. ನಮ್ಮ ಲೆಕ್ಕದಲ್ಲಿ ಅದು ಮನೆಯಿಂದ ಬಸ್ ಸ್ಟಾಪಿನ ದೂರ. ಒಂದು ಸೆಂಟಿಮೀಟರ್ ಮೈಯ ಜೀವಕ್ಕೆ ತನ್ನ ಉದ್ದದ ಹತ್ತು ಸಾವಿರ ಪಟ್ಟು ನಡೆದರೆ ನೂರು ಮೀಟರ್. ನಡುವೆ ಹುಲ್ಲಿನ ಕಾಡು, ಜೇಡ, ಹಕ್ಕಿ. ಮುಂದೆ ಟ್ಯಾನ್ಸಿ ಸಿಕ್ಕೀತೋ ಇಲ್ಲವೋ ಎಂಬ ಖಾತ್ರಿಯೂ ಇಲ್ಲ.

ಈಗ ಮೊದಲಿನ ಒಗಟಿಗೆ ಮರಳಬಹುದು. ಒಂದು ಸಾಲು ಹಣತೆಗಳನ್ನು ಗಾಳಿಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಆಗಾಗ ಒಂದೊಂದು ಆರುತ್ತದೆ. ಪಕ್ಕದ ಹಣತೆ ಕೈಗೆಟುಕುವಷ್ಟು ಹತ್ತಿರ ಇದ್ದರೆ ಅದರಿಂದ ಇದನ್ನು ಮತ್ತೆ ಹೊತ್ತಿಸಬಹುದು. ಯಾವ ಹಣತೆಯೂ ಶಾಶ್ವತವಾಗಿ ಉರಿಯದಿದ್ದರೂ ಸಾಲು ಮಾತ್ರ ಆರುವುದೇ ಇಲ್ಲ. ಹಣತೆಗಳ ನಡುವಿನ ಅಂತರ ಹೆಚ್ಚಾಯಿತೆನ್ನಿ. ಆಗ ಆರಿದ್ದು ಆರಿಹೋಯಿತು. ಉಳಿದವು ಪ್ರಜ್ವಲವಾಗಿಯೇ ಉರಿಯುತ್ತಿರುತ್ತವೆ, ನೋಡಿದವರಿಗೆ ಏನೂ ತೊಂದರೆ ಕಾಣುವುದಿಲ್ಲ. ಅವೂ ಒಂದೊಂದಾಗಿ ಆರುತ್ತ ಹೋಗುತ್ತವೆ, ಹೊತ್ತಿಸುವವರಿಲ್ಲ.

ಚದುರಿದ ಹಿಂಡುಗಳಲ್ಲಿ ಬದುಕುವ ಜೀವಿಗಳ ಈ ಆರುವ, ಹೊತ್ತುವ ಆಟವನ್ನು 1969ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ರಿಚರ್ಡ್ ಲೆವಿನ್ಸ್ ಗಣಿತಕ್ಕೆ ಇಳಿಸಿದರು. ಅವರು ಆಗ ಯೋಚಿಸುತ್ತಿದ್ದದ್ದು ಬೆಳೆಯ ಕೀಟಗಳನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ. ಅಪರೂಪದ ಜೀವಿಗಳನ್ನು ಉಳಿಸುವವರಿಗೆ ಅದೇ ಸೂತ್ರ ಕೈದೀಪವಾಯಿತು. ಫಿನ್ಲೆಂಡಿನ ಇಲ್ಕಾ ಹನ್ಸ್ಕಿ ಓಲಾಂಡ್ ದ್ವೀಪಗಳಲ್ಲಿ ಹರಡಿಕೊಂಡ ಸುಮಾರು 4,000 ಪುಟ್ಟ ಹುಲ್ಲುಗಾವಲುಗಳಲ್ಲಿ ಒಂದು ಚಿಟ್ಟೆಯ ಹಿಂಡುಗಳು ಅಳಿಯುವುದನ್ನೂ ಮರಳಿ ನೆಲೆಯೂರುವುದನ್ನೂ ವರ್ಷ ವರ್ಷ ಎಣಿಸಿ, ಲೆಕ್ಕದ ಮಾತು ನೆಲದ ಮೇಲೂ ನಿಜ ಎಂದು ತೋರಿಸಿದರು. ಖಾಲಿ ಇರುವ ಹುಲ್ಲುಗಾವಲು ವ್ಯರ್ಥವಲ್ಲ, ಅದು ನಾಳೆಯ ಮನೆ ಎಂಬುದು ಈ ಅಧ್ಯಯನಗಳಿಂದ ಬಂದ ತಿಳಿವಳಿಕೆ. ಸಂರಕ್ಷಣೆಯ ಮಾತಾಡುವವರು ಇದನ್ನು ಮರೆಯುವುದೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಪ್ರಾಣಿ ಇರುವ ಜಾಗಕ್ಕೆ ಬೇಲಿ ಹಾಕಿ ಕೆಲಸ ಮುಗಿಯಿತು ಎನ್ನುತ್ತೇವೆ. ಆದರೆ ಟ್ಯಾನ್ಸಿ ದುಂಬಿಗೆ ಇಂದು ಅದು ಇಲ್ಲದಿರುವ ಗಿಡಗಳ ಹಿಂಡೂ ಅಷ್ಟೇ ಬೇಕು.

ಅಂಥ ಸಾಲು ಇಷ್ಟು ಕಾಲ ಊಸ್ ದಂಡೆಯಲ್ಲಿ ಹೇಗೆ ಉಳಿಯಿತು? ನದಿಯೇ ಅದನ್ನು ಕಾಪಾಡಿತು. ಪ್ರವಾಹ ಬಂದಾಗ ದಂಡೆ ಕೊರೆದು ಹೋಗುತ್ತದೆ, ಹೊಸ ಮೆಕ್ಕಲು ಬಂದು ಕೂರುತ್ತದೆ. ಹೀಗೆ ಬರಿದಾದ ಮಣ್ಣು ಟ್ಯಾನ್ಸಿಯ ಬೀಜಕ್ಕೆ ಹದವಾದ ನೆಲ. ಒಂದು ಕಡೆ ಹಿಂಡು ಮುಳುಗಿದರೆ ಇನ್ನೊಂದು ಕಡೆ ಹೊಸದು ಹುಟ್ಟುತ್ತಿತ್ತು. ಯಾರ್ಕ್ ಊರಿಗೆ ಪ್ರವಾಹ ಹೊಸದಲ್ಲ. 2000ದ ನವೆಂಬರಿನಲ್ಲಿ ನದಿ ಮಾಮೂಲಿ ಮಟ್ಟಕ್ಕಿಂತ ಸುಮಾರು 5.4 ಮೀಟರ್ ಏರಿತ್ತು. ಚಳಿಗಾಲದ ಇಂಥ ನೀರಿನಡಿಯಲ್ಲಿ ದುಂಬಿಗಳು ಮಣ್ಣೊಳಗೆ ಹುದುಗಿರುತ್ತವೆ. ನೀರು ಇಳಿದು ವಸಂತ ಬಂದಾಗ ಅದೇ ದಂಡೆಯಿಂದ ಎದ್ದು ಬರುತ್ತವೆ. ಬೇಸಿಗೆಯ ಪ್ರವಾಹದ ಹೊಡೆತ ಬೇರೆ ಥರದ್ದು. ಆಗ ಮೊಟ್ಟೆ, ಮರಿ ಎಲ್ಲ ಎಲೆಯ ಮೇಲೇ ಇರುತ್ತವೆ. ನೀರು ಬಂದರೆ ಒಂದು ಇಡೀ ಹಿಂಡಿನ ಮುಂದಿನ ತಲೆಮಾರು ತೊಳೆದುಹೋಗಬಹುದು. ಆಗ ಪಕ್ಕದ ಹಣತೆ ಹತ್ತಿರವಿರಬೇಕು.

ನದಿಯ ದಂಡೆ ಮೊದಲಿನಂತೆ ಉಳಿದಿಲ್ಲ. ಕೆಲವು ಕಡೆ ಉಳುಮೆ ನೀರಿನಂಚಿನವರೆಗೂ ಬಂತು. ಕೆಲವು ಕಡೆ ದನ ಕುರಿಗಳು ಮೇದು ತುಳಿದವು. ಇನ್ನು ಕೆಲವು ಕಡೆ ತದ್ವಿರುದ್ಧ, ಯಾರೂ ಕೈಯಾಡಿಸದೆ ವಿಲೋ ಮರಗಳು ಬೆಳೆದು ನೆರಳು ಕವಿಯಿತು. ಬಿಸಿಲು ಬೇಡುವ ಟ್ಯಾನ್ಸಿ ನೆರಳಲ್ಲಿ ಸೊರಗುತ್ತದೆ. ಹೀಗೆ ಸಾಲಿನ ನಡುವೆ ತೂತುಗಳು ಬಿದ್ದವು.

ದೊಡ್ಡ ತೂತು ಕೊರೆದದ್ದು ಮಾತ್ರ ನಮ್ಮ ಕಡೆಯಿಂದ ಹೋದ ಗಿಡ. ಕಾಶ್ಮೀರದಿಂದ ಉತ್ತರಾಖಂಡದವರೆಗಿನ ಹಿಮಾಲಯದ ತಪ್ಪಲಿನಲ್ಲಿ ಗುಲಾಬಿ ಹೂವಿನ ಕರ್ಣಕುಂಡಲ ಜಾತಿಯ ಗಿಡವೊಂದು ಬೆಳೆಯುತ್ತದೆ. 1839ರಲ್ಲಿ ಅದರ ಬೀಜ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಯಿತು. ಹೂವಿನ ಚೆಲುವಿಗೆ ಮಾರುಹೋಗಿ ತೋಟಗಳಲ್ಲಿ ಬೆಳೆಸಿದರು. ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿ ಅದು ಚಟ್ಟನೆ ಸಿಡಿಯುವುದನ್ನು ನೋಡಿ ಕುಣಿದವರು ನಮ್ಮಲ್ಲಿ ಎಷ್ಟು ಜನವಿಲ್ಲ! ಈ ಹಿಮಾಲಯದ ಅಕ್ಕನ ಕಾಯಿ ಬೀಜವನ್ನು 7 ಮೀಟರ್ ದೂರದವರೆಗೂ ಎಸೆಯಬಲ್ಲದು. ಒಂದು ಗಿಡ 800ರಷ್ಟು ಬೀಜ ಬಿಡಬಲ್ಲದು. ತೋಟದ ಬೇಲಿ ದಾಟಿ ತೊರೆಗೆ ಬಿದ್ದ ಬೀಜವನ್ನು ನದಿಗಳು ಊರೂರಿಗೆ ಒಯ್ದವು. ಒಂದೇ ಬೇಸಿಗೆಯಲ್ಲಿ ಎರಡು ಮೀಟರ್ ದಾಟಿ ಬೆಳೆಯುವ ಇದು ಕೆಳಗಿನ ಗಿಡಗಳಿಗೆ ಬಿಸಿಲೇ ಬೀಳದ ಹಾಗೆ ಮುಚ್ಚುತ್ತದೆ. ಚಳಿ ಬಂದೊಡನೆ ಸತ್ತು ಬಿದ್ದು ದಂಡೆಯನ್ನು ಬೋಳು ಮಾಡಿ ಹೋಗುತ್ತದೆ. ಟ್ಯಾನ್ಸಿಗೆ ಹದವಾಗಿದ್ದ ಅದೇ ಬರಿಮಣ್ಣಿನಲ್ಲಿ ಮರುವರ್ಷ ಮೊದಲು ಮೊಳೆಯುವುದೂ ಇದರ ಬೀಜವೇ.

ತನ್ನ ಬೆಟ್ಟದಲ್ಲಿ ಈ ಗಿಡ ಯಾರಿಗೂ ಹೊರೆಯಲ್ಲ. ಅಲ್ಲಿ ಇದನ್ನು ತಿನ್ನುವ ಹುಳುಗಳಿವೆ, ಕಾಡುವ ರೋಗಗಳಿವೆ. ಬ್ರಿಟನ್ನಿಗೆ ಹೋಗುವಾಗ ಗಿಡ ಅವನ್ನೆಲ್ಲ ಬಿಟ್ಟು ಹೋಯಿತು. ಮೆಕ್ಸಿಕೋ ಕಡೆಯ ಪಾರ್ಥೇನಿಯಂ ನಮ್ಮಲ್ಲಿ ಮೆರೆದದ್ದೂ ಇದೇ ಕಾರಣಕ್ಕೆ. ಪರಿಹಾರವನ್ನು ಹುಡುಕಿದ ರೀತಿಯೂ ಒಂದೇ. ಹಿಮಾಲಯದಲ್ಲಿ ಈ ಗಿಡಕ್ಕೆ ಬರುವ ತುಕ್ಕು ರೋಗದ ಶಿಲೀಂಧ್ರವನ್ನು ತರಿಸಿ, ಬೇರೆ ಗಿಡಗಳಿಗೆ ತಗಲುವುದಿಲ್ಲವೆಂದು ವರ್ಷಗಟ್ಟಲೆ ಪರೀಕ್ಷಿಸಿ, 2014ರಲ್ಲಿ ಇಂಗ್ಲೆಂಡಿನಲ್ಲಿ ಬಿಡಲು ಅನುಮತಿ ಕೊಟ್ಟರು. ಒಂದು ಎಲೆ ದುಂಬಿ ನಮ್ಮ ಕಳೆ ತಿನ್ನಲು ಬೆಂಗಳೂರಿಗೆ ಬಂತು. ಇನ್ನೊಂದು ಎಲೆ ದುಂಬಿಯ ನೆಲೆ ನುಂಗಿದ ಕಳೆಗೆ ಮದ್ದು ನಮ್ಮ ಬೆಟ್ಟಸಾಲಿನಿಂದ ಹೋಯಿತು.

ಯಾರ್ಕಿನ ಆಚೆ ಈ ದುಂಬಿಗೆ ಇನ್ನೊಂದು ಹಳೆಯ ಮನೆಯಿತ್ತು. ಪೂರ್ವ ಇಂಗ್ಲೆಂಡಿನ ಫೆನ್ಸ್ ಎಂಬ ವಿಶಾಲವಾದ ಜೌಗು ಸೀಮೆ. 17ನೇ ಶತಮಾನದಿಂದ ಕಾಲುವೆ ತೋಡಿ, ನೀರು ಬಸಿದು, ಅದನ್ನೆಲ್ಲ ಹೊಲ ಮಾಡಿದರು. ಜೌಗು ತುಂಡುತುಂಡಾಯಿತು, ದುಂಬಿ ಕಾಣಸಿಗುವುದು ನಿಂತಿತು. ಅಲ್ಲಿ ಇದು ಮುಗಿದುಹೋಯಿತೆಂದೇ ದಶಕಗಳ ಕಾಲ ನಂಬಿದ್ದರು. 2014ರಲ್ಲಿ ಕೇಂಬ್ರಿಜ್‌ಶೈರಿನ ವುಡ್‌ವಾಲ್ಟನ್ ಫೆನ್ ಎಂಬ ಮೀಸಲು ಜೌಗಿನಲ್ಲಿ ಟ್ಯಾನ್ಸಿ ದುಂಬಿ ಮತ್ತೆ ಸಿಕ್ಕಿತು. ಅಲ್ಲಿ ಅದಕ್ಕೆ ಅನ್ನವಿಕ್ಕಿದ್ದು ಟ್ಯಾನ್ಸಿಯಲ್ಲ, ನೀರಿನಂಚಿನ ಕಾಡು ಪುದೀನ. ಆ ಜೌಗು ಹೊಲವಾಗದೆ ಉಳಿದದ್ದಕ್ಕೆ 1910ರಲ್ಲಿ ಅದನ್ನು ಕೊಂಡುಕೊಂಡ ಚಾರ್ಲ್ಸ್ ರಾಥ್‌ಚೈಲ್ಡ್ ಕಾರಣ. ಬ್ಯಾಂಕಿನ ಮನೆತನದವರು, ಮನಸ್ಸೆಲ್ಲ ಕೀಟಗಳ ಮೇಲೆ. ಪ್ಲೇಗ್ ಹರಡುವ ಇಲಿ ಚಿಗಟಕ್ಕೆ 1903ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವರೂ ಅವರೇ. ತಾವು ಕಾಪಾಡಿದ ತುಂಡು ನೆಲದಲ್ಲಿ ಹಸಿರು ದುಂಬಿಯೊಂದು ನೂರು ವರ್ಷದ ಮೇಲೆ ತಲೆಯೆತ್ತುತ್ತದೆ ಎಂದು ಅವರಿಗೆ ಗೊತ್ತಾಗುವ ಹಾಗಿರಲಿಲ್ಲ.

ಯಾರ್ಕಿನಲ್ಲಿ ಟ್ಯಾನ್ಸಿ ದುಂಬಿಗೆಂದೇ ಕಟ್ಟಿಕೊಂಡ ಒಂದು ಗುಂಪಿದೆ. ವಿಶ್ವವಿದ್ಯಾಲಯದವರು, ಸಂರಕ್ಷಣಾ ಸಂಸ್ಥೆಗಳವರು, ಸ್ಥಳೀಯ ಉತ್ಸಾಹಿಗಳು ಎಲ್ಲ ಸೇರಿದ್ದಾರೆ. ಊರಿನ ಗೋಡೆಯೊಂದರ ಮೇಲೆ ಮನೆಯೆತ್ತರದ ಟ್ಯಾನ್ಸಿ ದುಂಬಿಯ ಚಿತ್ರವೂ ಇದೆ, ಇದನ್ನು ಯಾರ್ಕಿನ ರತ್ನ ಎಂದು ಅಭಿಮಾನದಿಂದ ಕರೆಯುತ್ತಾರೆ. ಗುಂಪಿನ ಕೆಲಸದಲ್ಲಿ ಸಾಹಸವೇನೂ ಕಾಣುವುದಿಲ್ಲ, ಎಲ್ಲ ಕೂಲಿಯಾಳಿನ ದುಡಿಮೆ. ಬೀಜ ಬಿಡುವ ಮೊದಲೇ ಹಿಮಾಲಯದ ಕರ್ಣಕುಂಡಲವನ್ನು ಕೀಳುವುದು. ಅದರ ಬೇರು ಆಳವಿಲ್ಲ, ಒಂದೇ ಎಳೆತಕ್ಕೆ ಬರುತ್ತದೆ. ಆದರೆ ದಂಡೆಯುದ್ದಕ್ಕೂ ಕೀಳಬೇಕು, ಮರುವರ್ಷ ಮತ್ತೆ ಕೀಳಬೇಕು. ವಿಲೋ ಕೊಂಬೆ ಕಡಿದು ಬಿಸಿಲು ಬಿಡುವುದು. ದನ ಮೇಯುವ ಕಡೆ ಟ್ಯಾನ್ಸಿಯ ಸುತ್ತ ಮರದ ಪಂಜರ ಕಟ್ಟುವುದು. ಪ್ರವಾಹ ತಲುಪದ ಕಡೆಗಳಲ್ಲಿ ಟ್ಯಾನ್ಸಿ ಬೆಳೆಸಿ, ದುಂಬಿಗಳ ಮೀಸಲು ಸಂಸಾರ ಹೂಡುವುದು, ದಂಡೆಯಲ್ಲಿ ಅನಾಹುತವಾದರೆ ಬೀಜಕ್ಕಿರಲಿ ಎಂದು. ಆಗಸ್ಟ್ ಬಂತೆಂದರೆ ದಂಡೆಯ ಗಿಡಗಿಡವನ್ನೂ ನೋಡುತ್ತ ದುಂಬಿ ಎಣಿಸುವುದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದ ಕೆಲಸ ಒಂದಿದೆ. ನಕ್ಷೆಯ ಮೇಲೆ ಟ್ಯಾನ್ಸಿಯ ಹಿಂಡುಗಳನ್ನು ಗುರುತಿಸಿ, ಎಲ್ಲಿ ಎರಡು ಹಿಂಡುಗಳ ನಡುವೆ ದುಂಬಿಯ ಕಾಲಿಗೆ ದಾಟಲಾಗದಷ್ಟು ಅಂತರ ಬಿದ್ದಿದೆಯೋ ಅಲ್ಲಿಗೆ ಟ್ಯಾನ್ಸಿಯ ಸಸಿಗಳನ್ನು ಹೊತ್ತು ಹೋಗುತ್ತಾರೆ. ಹುಲ್ಲು ಕೆರೆದು, ಗುಣಿ ತೋಡಿ, ಒಂದೊಂದಾಗಿ ನೆಡುತ್ತಾರೆ. ನೆಟ್ಟ ದಿನ ಆ ಸಸಿಗಳ ಮೇಲೆ ಒಂದು ದುಂಬಿಯೂ ಇರುವುದಿಲ್ಲ. ಸಸಿ ಬೇರು ಬಿಟ್ಟು ಹಿಂಡಾಗಲು ಒಂದೆರಡು ಬೇಸಿಗೆ ಬೇಕು. ಆಮೇಲೆ ಒಂದು ಆಗಸ್ಟಿನಲ್ಲಿ ಮೇಲ್ದಂಡೆಯ ಹಿಂಡಿನಲ್ಲಿ ಎಲೆ ತೀರಿ, ಒಂದು ಹೆಣ್ಣು ದುಂಬಿ ಕಾಂಡದಿಂದಿಳಿದು ಹುಲ್ಲಿನೊಳಗೆ ನಡೆಯಲು ಶುರುಮಾಡಬೇಕು.